ಸುಮೇರಿಯಾವನ್ನು ಶೆಡ್ಡಿಗೆ ಒಯ್ದ ಸಾರು

ನನ್ನ ಹಳೆಯ ಶಿಷ್ಯೆ ಹುಲಿಗೆಮ್ಮ ಬಳ್ಳಾರಿಯಿಂದ ಫೋನು ಮಾಡಿದಾಗ ನಾನು ಮಡಕಶಿರಾದ ಮನೆಯ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. "ಟೀಚರಮ್ಮ, ಸೋಷಿಯಲ್ ಸಾರು ತೀರಿಕೊಂಡ್ರಂತ್ರಿ. ನಾಳಿಗೆ ಮಣ್ಣಂತ" ಎಂದಳು. ಅವಳು ಕೆಲಸ ಮಾಡುವ ಗಾರ್ಮೆಂಟ್ಸಿನಲ್ಲಿ ಊಟದ ಬಿಡುವಿರಬೇಕು, ಸುತ್ತ ಹೆಂಗಸರ ಮಾತು, ಡಬ್ಬಿಗಳ ಸದ್ದು. ಹೇಗೆ, ಏನಾಗಿತ್ತು ಎಂದು ನಾನು ಕೇಳುವಷ್ಟರಲ್ಲಿ ಬೆಲ್ಲು ಹೊಡೆಯಿತು, ಫೋನು ಇಟ್ಟಳು.

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ನನ್ನ ಸಿಟ್ಟು ಯಾವಾಗಲೂ ಹಾಗೆಯೇ, ಹೇಳದೆ ಕೇಳದೆ ಬರುತ್ತದೆ. ಈ ಮನುಷ್ಯನ ಜೊತೆ ಆಡಬೇಕಾದ ಜಗಳ ಇನ್ನೂ ಎಷ್ಟೋ ಉಳಿದಿತ್ತು. ಅರ್ಧಕ್ಕೆ ಎದ್ದು ಹೋಗುವುದೆಂದರೆ ಏನು ಮರ್ಯಾದೆ ಅದು?

ಆಂಧ್ರದ ಗಡಿಯ ರಾಯದುರ್ಗದ ಹೈಸ್ಕೂಲಿನ ಕನ್ನಡ ಮೀಡಿಯಂ ಸೆಕ್ಷನ್ನಿನಲ್ಲಿ ನಾನು ಕನ್ನಡ ಪಂಡಿತಳು, ಅವರು ಸಮಾಜ ಪಾಠದವರು. ಊರಿನ ಮಕ್ಕಳ ಬಾಯಲ್ಲಿ 'ಸೋಷಿಯಲ್ ಸಾರು'. ಅವರ ಹೆಸರು ಹಾಜರಿ ಹಾಕುವಾಗ ಬಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ, ಹಾಗಾಗಿ ನಾನೂ ಇಲ್ಲಿ ಬರೆಯುವುದಿಲ್ಲ. ಡಿ. ಹಿರೇಹಾಳ್ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಬೆಳ್ಳಗಿನ ಅಂಗಿ, ಅದರ ಜೇಬಿನ ತುಂಬ ಸೀಮೆಸುಣ್ಣದ ತುಂಡು. ಒಗೆದರೂ ಆ ಜೇಬು ಒಂದು ಬಗೆಯ ಹಿಟ್ಟಿನ ಚೀಲದಂತೆಯೇ ಇರುತ್ತಿತ್ತು. ನಿಂತು ಪಾಠ ಮಾಡಿದ್ದನ್ನು ನಾನು ನೋಡಿಲ್ಲ. ಹಿಂದಿನ ಬೆಂಚಿಗೆ ಹೋಗಿ ಹುಡುಗರನ್ನು ಸರಿಸಿ ಕೂರುತ್ತಿದ್ದರು. ಮುಂದೆ ಕೂತವರು ಕತ್ತು ತಿರುಗಿಸಿಕೊಂಡು ಕೇಳಬೇಕು. "ಬೋರ್ಡ್ ಕಡೆ ಕಾಲು ನೀಡಿ ಕೂತ್ಕೊಂಡು ಪಾಠ ಏಳೋರನ್ನ ನಾನು ಎಲ್ಲೂ ಕಾಣ್ಲಿಲ್ಲ ಸಾರ್" ಎಂದರೆ, "ಹಿಂದಿನ ಬೆಂಚಿನೋರಿಗೆ ಒಂದಿನಾನರ ಮುಂದಿನ ಬೆಂಚು ಸಿಗಬಾರದೇನ್ರಿ ಟೀಚರಮ್ಮ" ಎಂದು ನಗುತ್ತಿದ್ದರು.

ನಮ್ಮ ಕನ್ನಡ ಮೀಡಿಯಂ ಮಕ್ಕಳಿಗೆ ಪುಸ್ತಕ ಬರುವುದು ದಸರೆ ಕಳೆದ ಮೇಲೆ. ಅದೂ ತೆಲುಗಿನಿಂದ ಯಾರೋ ಅವಸರಕ್ಕೆ ಕನ್ನಡಕ್ಕಿಳಿಸಿದ ಪುಸ್ತಕ. ಅಲ್ಲಿಯವರೆಗೆ ಸಾರು ತೆಲುಗು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬಾಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದರು. ಪುಸ್ತಕ ಬಂದ ಮೇಲೂ ಹಾಗೆಯೇ ಹೇಳುತ್ತಿದ್ದರು. ಅವರಿಗೆ ರಾಜರ ಹೆಸರು, ಯುದ್ಧದ ಇಸವಿ ಮುಖ್ಯವಲ್ಲ. ಯಾವ ನಾಗರಿಕತೆಯ ಪಾಠ ಶುರುವಾದರೂ ಮೊದಲ ಪ್ರಶ್ನೆ ಒಂದೇ: "ಹೊಟ್ಟಿಗೆ ಏನ್ ತಿಂತಿದ್ರು?" ಈಜಿಪ್ಟಿನಲ್ಲಿ ಪಿರಮಿಡ್ಡಿಗೆ ಕಲ್ಲು ಎಳೆದವರು ರೊಟ್ಟಿ, ಈರುಳ್ಳಿ ತಿನ್ನುತ್ತಿದ್ದರು ಎಂದ ಕೂಡಲೇ ಇಡೀ ತರಗತಿಗೆ ಈಜಿಪ್ಟು ಪಕ್ಕದ ಊರಾಗಿಬಿಡುತ್ತಿತ್ತು. "ನಮ್ಮಂಗ ಅದಾರ ಬಿಡ್ರಿ ಸಾರ್" ಎಂದು ಒಬ್ಬ ಎದ್ದು ನಿಂತು ಹೇಳಿದ್ದನ್ನು ಪಕ್ಕದ ಕೋಣೆಯಿಂದ ನಾನೇ ಕೇಳಿದ್ದೇನೆ.

ನನ್ನೂರು ಮಡಕಶಿರಾ ಕಡೆಯ ರತ್ನಗಿರಿ ಎಂದು ತಿಳಿದ ದಿನ ನನ್ನನ್ನೂ ಬಿಡಲಿಲ್ಲ. "ನಿಮ್ಮೂರ ಕೋಟ್ಯಾಗ ಒಬ್ಬ ದೊರಿ ಇದ್ನಲ್ರಿ, ಅವಂಗ ರಾಗಿ ಬೀಸಿ ಹಾಕ್ತಿದ್ದೋರು ಯಾರು?"

"ಇನ್ಯಾರು, ನಮ್ಮಜ್ಜಿ!" ಎಂದೆ.

"ಹಂಗಾರ ಚರಿತ್ರಿ ನಿಮ್ಮಜ್ಜೀದು. ದೊರಿದು ಬರೇ ಊಟ."

ಧರ್ಮಗಳ ಪಾಠವನ್ನೂ ಅನ್ನದಿಂದಲೇ ಶುರು ಮಾಡುತ್ತಿದ್ದರು. ಯಾವ ದೇವರು ಯಾವಾಗ ಉಪವಾಸ ಮಾಡಿಸುತ್ತಾನೆ ಎಂದು ಮಕ್ಕಳನ್ನೇ ಕೇಳುವುದು. ಸಾಬರ ಹುಡುಗ ರಂಜಾನಿನ ಬಗ್ಗೆ ಹೇಳಬೇಕು, ಚರ್ಚಿಗೆ ಹೋಗುವ ಹುಡುಗಿ ಈಸ್ಟರಿಗೆ ಮುಂಚಿನ ದಿನಗಳ ಬಗ್ಗೆ, ಶಿವರಾತ್ರಿ ಏಕಾದಶಿಯವರು ತಮ್ಮದು. ಬುದ್ಧ ಊಟ ಬಿಟ್ಟು ಬಿಟ್ಟು ಎಲುಬಾಗಿ, ಕೊನೆಗೆ ಒಬ್ಬ ಹೆಣ್ಣುಮಗಳು ಕೊಟ್ಟ ಪಾಯಸ ಕುಡಿದ ಕತೆಯನ್ನು ಅವರು ಹೇಳಿದರೆ ಬಾಯಲ್ಲಿ ನೀರೂರಬೇಕು, ಕಣ್ಣಲ್ಲೂ ಬರಬೇಕು. "ಹಸಿವು ಗೊತ್ತಿಲ್ಲದ ದೇವ್ರು ಒಬ್ನೂ ಇಲ್ಲ ನೋಡ್ರಪ್ಪ" ಎಂದು ಪಾಠ ಮುಗಿಸುತ್ತಿದ್ದರು.

ಇನ್ನು ರೋಮಿನ ಕತೆ. ದೂರದ ನೆಂಟರು ಸತ್ತ ಸುದ್ದಿ ಬಂದರೆ ಇದ್ದಲ್ಲೇ ತಲೆಗೆ ನೀರು ಹಾಕಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಸಾರು ಅದನ್ನು ತರಗತಿಗೆ ತಂದರು. ಒಂದು ಸಾಮ್ರಾಜ್ಯದ ಪಾಠ ಮುಗಿಯಿತು ಎಂದರೆ ಅದು ಸತ್ತಿತು. ಇಷ್ಟು ದಿನ ಅದರ ಜೊತೆ ಬಾಳಿದ್ದೇವೆ, ಮನೆಗೆ ಹೋಗಿ ಸ್ನಾನ ಮಾಡಿ ಎಂದು ಹೇಳಿ ಕಳಿಸುವುದು. ಅಸ್ಸೀರಿಯಾ, ಬ್ಯಾಬಿಲೋನು ಸತ್ತಾಗ ಯಾರೂ ಕೇಳಲಿಲ್ಲ. ರೋಮು ಸತ್ತದ್ದು ಶ್ರಾವಣ ಸೋಮವಾರ. ಮರುದಿನ ಹುಲಿಗೆಮ್ಮನ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟಾಫ್ ರೂಮಿಗೇ ಬಂದಳು.

"ಯಾಕ್ರಿ ಸಾರ್, ನನ್ನ ಮಗಳು ಸಾಲಿಂದ ಬಂದಾಕಿ ಸೀದಾ ಬಚ್ಚಲಕ್ಕ ಹೋಗಿ ತಲಿ ಮ್ಯಾಲ ನೀರು ಸುರುವಿಕೊಂಡ್ಳು. ಯಾರ್ ಸತ್ರವ್ವಾ ಅಂದ್ರ, ರೋಮು ಅಂತಾಳ. ನಾನು ನಮ್ಮ ರಾಮಣ್ಣ ಮಾವ ಅನ್ಕೊಂಡು ಎದಿ ಬಡ್ಕೊಂಡೆ. ಕಣೇಕಲ್ಲಿಗೆ ಮನುಷ್ಯಾನ್ನ ಕಳಿಸೀವ್ರಿ!"

ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಸಾರು ಮಾತ್ರ ಎದ್ದು ನಿಂತು ಕೈಮುಗಿದರು. "ರಾಮಣ್ಣ ಮಾವಾರು ನೂರು ವರ್ಸ ಬಾಳಲಿ ತಾಯಿ. ಆದ್ರ ರೋಮು ಸತ್ತಿದ್ದು ಖರೇನ. ನಿಮ್ ಮಗಳಿಗೆ ಅದು ತಿಳಿದೈತಿ, ನಾಳೆ ದೊಡ್ಡ ಆಫೀಸರ್ ಆಗ್ತಾಳ ನೋಡ್ರಿ." ಆ ತಾಯಿ ಬೈಯುವುದನ್ನು ಮರೆತು ಮಗಳನ್ನು ಹತ್ತನೇ ತರಗತಿ ಮುಗಿಸುವವರೆಗೆ ಬಿಡಿಸುವುದಿಲ್ಲ ಎಂದು ಅಲ್ಲೇ ಮಾತು ಕೊಟ್ಟು ಹೋದಳು.

ಆ ಮಾತಿಗೆ ಎಷ್ಟು ತೂಕವಿತ್ತು ಎಂಬುದು ಆ ವರ್ಷಗಳ ರಾಯದುರ್ಗ ನೋಡಿದವರಿಗೆ ಗೊತ್ತು. ಊರಿಗೆ ಊರೇ ಜೀನ್ಸ್ ಹೊಲಿಯಲು ಕೂತಿತ್ತು. ಓಣಿ ಓಣಿಗೆ ಶೆಡ್ಡು, ಮನೆ ಮನೆಯ ಜಗುಲಿಯಲ್ಲಿ ಮಿಷನ್ನು. ಗಟ್ಟಿ ನೀಲಿ ಬಟ್ಟೆಯ ಚೂರು ಚರಂಡಿಯಲ್ಲೆಲ್ಲ ತೇಲುತ್ತಿತ್ತು. ಮಕ್ಕಳ ಕೈಗೂ ಕೆಲಸವಿತ್ತು: ಹೊಲಿದು ಬಂದ ಪ್ಯಾಂಟಿನ ದಾರ ಕತ್ತರಿಸುವುದು, ಒಳಮೈ ಹೊರಗಾದ ಕಾಲು ತಿರುಗಿಸುವುದು, ಮಡಚಿ ಕಟ್ಟುವುದು. ಶೆಡ್ಡಿಲ್ಲದವರು ಬಳ್ಳಾರಿಗೆ, ಬೆಂಗಳೂರಿಗೆ ಗುಂಪಾಗಿ ಹೋಗುತ್ತಿದ್ದರು. ಎಂಟನೇ ತರಗತಿಯಲ್ಲಿ ತುಂಬಿದ್ದ ಕೋಣೆ ಒಂಬತ್ತರ ಹೊತ್ತಿಗೆ ಸೋರಿ ಸೋರಿ ಬರಿದಾಗುತ್ತಿತ್ತು. ಯಾರನ್ನು ಬೈಯುವುದು? ಒಲೆ ಉರಿಯಬೇಕಲ್ಲ.

ನಮ್ಮ ಹೆಡ್ಮೇಷ್ಟ್ರು ತೆಲುಗಿನವರು, ಒಳ್ಳೆಯ ಮನುಷ್ಯ. ಹುಲಿಗೆಮ್ಮ ಹತ್ತನೇ ತರಗತಿಗೆ ಬರಲಿದ್ದ ಬೇಸಿಗೆಯಲ್ಲಿ ನಮ್ಮಿಬ್ಬರನ್ನೂ ಕರೆದು ಮುಚ್ಚುಮರೆಯಿಲ್ಲದೆ ಹೇಳಿದರು. ಕನ್ನಡ ಸೆಕ್ಷನ್ನಿನ ಹತ್ತನೇ ತರಗತಿಯಲ್ಲಿ ಈ ಸಲ ಸ್ಟ್ರೆಂತ್ ಇಲ್ಲದಿದ್ದರೆ ಸೆಕ್ಷನ್ನೇ ತೆಗೆಯುತ್ತಾರೆ. ಮೇಲಿನಿಂದ ನೋಡಲು ಬರುತ್ತಾರೆ, ಬಂದ ದಿನ ಬೆಂಚಿನಲ್ಲಿ ಮಕ್ಕಳಿರಬೇಕು. ಒಮ್ಮೆ ಹೋದ ಸೆಕ್ಷನ್ನು ತಿರುಗಿ ಬರುವುದಿಲ್ಲ.

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆವು. ಸಾರು ಜೇಬಿನೊಳಗಿನ ಸೀಮೆಸುಣ್ಣವನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದರು. "ಸುಮೇರಿಯನ್ ಮಾತು ಮನಿ ಮನ್ಯಾಗ ಸತ್ತು ಎಷ್ಟೋ ನೂರು ವರ್ಸ ಆದ್ರೂ ಸಾಲ್ಯಾಗ ಹುಡುಗ್ರಿಗೆ ಕಲಿಸ್ತಿದ್ರಂತ್ರಿ ಟೀಚರಮ್ಮ. ಹಸಿ ಮಣ್ಣಿನ ಹಲಗಿ ಮ್ಯಾಲ ಹುಡುಗ್ರು ತಿದ್ದಿದ್ದು ಈಗಲೂ ನೆಲದಾಗ ಸಿಗ್ತಾವು. ನಮ್ದು ನೋಡ್ರಿ, ಉಲ್ಟಾ. ಮನಿ ಮನ್ಯಾಗ ಆಡಾಕತ್ಯಾರ, ಸಾಲಿ ಸಾಯಾಕತ್ತೈತಿ."

"ಸತ್ತೋಗಿರೋರ ಮಾತು ಬುಡಿ ಸಾರ್. ಬದುಕಿರೋ ಐಕ್ಳನ್ನ ಕರ್ಕೊಂಬರೋದು ಎಂಗೆ, ಅದೇಳಿ" ಎಂದು ನಾನು ರೇಗಿದೆ.

ಅಲ್ಲಿಂದ ಅವರ ಓಣಿ ಸುತ್ತುವುದು ಶುರುವಾಯಿತು. ಶಾಲೆ ಬಿಟ್ಟ ಮೇಲೆ ಬಸ್ಸಿನ ಹೊತ್ತಾಗುವವರೆಗೆ ಮನೆ ಮನೆಗೆ ಹೋಗಿ ಜಗುಲಿಯಲ್ಲಿ ಕೂರುವುದು. ನಾನೂ ಹೋಗಿದ್ದೇನೆ. ಯಾರೂ ಅಗೌರವ ಮಾಡಲಿಲ್ಲ. "ಬರ್ರಿ ಸಾರ್, ಕುಂದರ್ರಿ, ಚಾ ಕುಡೀರಿ" ಎಂದು ಮಿಷನ್ನು ನಿಲ್ಲಿಸುತ್ತಿದ್ದರು. ಮಗನನ್ನು ಕಳಿಸಿ ಎಂದರೆ "ಹೌದ್ರಿ, ಕಳಿಸ್ತೀವ್ರಿ, ಈ ಮಾಲು ಮುಗೀಲಿ" ಎನ್ನುತ್ತಿದ್ದರು. ಒಂದು ಮಾಲು ಮುಗಿಯುವಷ್ಟರಲ್ಲಿ ಇನ್ನೊಂದು ಬಂದು ಬೀಳುತ್ತಿತ್ತು. ಹತ್ತನೇ ತರಗತಿಯ ಅರ್ಧ ಮಕ್ಕಳು ದೊಡ್ಡ ಶೆಡ್ಡೊಂದರಲ್ಲಿ ದಾರ ಕತ್ತರಿಸುತ್ತಿದ್ದರು. ಉಳಿದರ್ಧ ಬೆಂಚಿನಲ್ಲಿದ್ದರು. ಆ ಉಳಿದವರಲ್ಲಿ ಹುಲಿಗೆಮ್ಮನೇ ಎಲ್ಲರಿಗಿಂತ ಜಾಣೆ. ಅವಳ ಓಣಿಯ ಹುಡುಗಿಯರೆಲ್ಲ ಅವಳನ್ನು ನೋಡಿಕೊಂಡೇ ಶಾಲೆಗೆ ಬರುತ್ತಿದ್ದರು.

ಆಗ ಸಾರಿಗೆ ಹೊಳೆದದ್ದು ಶೆಡ್ಡಿನ ಪಾಠ. ಮಕ್ಕಳು ಶಾಲೆಗೆ ಬರುವುದಿಲ್ಲವಾದರೆ ಶಾಲೆಯೇ ಅಲ್ಲಿಗೆ ಹೋಗಲಿ. ಊಟದ ಬಿಡುವಿನಲ್ಲಿ ಪಾಠ ಹೇಳುವುದು, ಓದಿನ ರುಚಿ ಹತ್ತಿಸುವುದು, ರುಚಿ ಹತ್ತಿದರೆ ಪರೀಕ್ಷೆಯ ಹೊತ್ತಿಗೆ ತಾವಾಗಿಯೇ ಬೆಂಚಿಗೆ ಬರುತ್ತಾರೆ. ಶೆಡ್ಡಿನ ಸಾವುಕಾರ ಅವರ ಹಳೆಯ ಶಿಷ್ಯನೇ. "ಬರ್ರಿ ಸಾರ್, ಅದಕ್ಕೇನ್ ಕೇಳ್ತೀರಿ" ಎಂದು ಕುರ್ಚಿ ಹಾಕಿಸಿದ.

ಮೊದಲ ದಿನ ನನ್ನನ್ನೂ ಕರೆದುಕೊಂಡು ಹೋದರು. ತಗಡಿನ ಕೆಳಗೆ ಕೆಂಡದಂಥ ಬಿಸಿಲು. ನೀಲಿ ಪ್ಯಾಂಟುಗಳ ಗುಡ್ಡೆಯ ಮೇಲೆ ಮಕ್ಕಳು ಕೂತು ಬುತ್ತಿ ಬಿಚ್ಚಿದ್ದರು. ಎಲ್ಲರ ಬೆರಳೂ ನೀಲಿ. ಸಾರು ಕುರ್ಚಿ ಬಿಟ್ಟು ಗುಡ್ಡೆಯ ಬದಿಗೆ ಕೂತು ಸುಮೇರಿಯಾದ ಊರ್ ಎಂಬ ಪಟ್ಟಣದ ಕತೆ ಹೇಳಿದರು. ನಾಲ್ಕು ಸಾವಿರ ವರ್ಷದ ಹಿಂದೆ ಅಲ್ಲಿ ದೊಡ್ಡ ದೊಡ್ಡ ನೇಯ್ಗೆ ಶೆಡ್ಡುಗಳಿದ್ದವು, ನೇಯುತ್ತಿದ್ದವರೆಲ್ಲ ಹೆಂಗಸರು, ಅವರ ಮಕ್ಕಳೂ ಜೊತೆಗೇ ಇರುತ್ತಿದ್ದರು, ದೊರೆಯ ಕಡೆಯವರು ಜವೆಗೋಧಿ, ಒಂದಿಷ್ಟು ಎಣ್ಣೆ, ಉಣ್ಣೆ ಅಳೆದು ಕೊಡುತ್ತಿದ್ದರು ಎಂದು ಹೇಳುವಾಗ ಯಾರೂ ತುತ್ತು ಎತ್ತಲಿಲ್ಲ.

"ಆ ಹುಡುಗ್ರು ಸಾಲಿಗೆ ಹೋಗ್ತಿದ್ರೇನ್ರಿ ಸಾರ್?" ಎಂದು ಒಬ್ಬಳು ಕೇಳಿದಳು.

"ಇಲ್ಲವ್ವ. ಸಾಲಿ ಇತ್ತು, ಹೋಗೋರು ಬ್ಯಾರೆ ಇದ್ರು. ಅದಕ್ಕ ಇವರ ಹೆಸ್ರು ಅಳತಿ ಲೆಕ್ಕದಾಗ ಮಾತ್ರ ಅದಾವು. ಇವರು ತಾವಾಗಿ ಬರೆದಿದ್ದು ಒಂದಕ್ಷರ ಇಲ್ಲ."

ಹೊಲಿಯುವ ಹೆಂಗಸರೂ ಮಿಷನ್ನು ಬಿಟ್ಟು ಬಂದು ನಿಂತಿದ್ದರು. ಒಬ್ಬಾಕೆ ಮೂಗು ಒರೆಸಿಕೊಂಡಳು. ನಾನು ಆ ದಿನ ಹೊಟ್ಟೆಕಿಚ್ಚು ಪಟ್ಟದ್ದುಂಟು. ಇಷ್ಟು ವರ್ಷ ಕನ್ನಡ ಹೇಳಿದ್ದೇನೆ, ನನ್ನ ಒಂದು ಪದ್ಯಕ್ಕೂ ಯಾರೂ ತುತ್ತು ಕೈಯಲ್ಲಿ ಹಿಡಿದು ಕೂತಿರಲಿಲ್ಲ. ಮರಳುವಾಗ ಸಾರು ಬೀದಿಯುದ್ದಕ್ಕೂ ಹಿಗ್ಗಿದರು. "ಬರ್ತಾವ್ರಿ, ಬಂದೇ ಬರ್ತಾವು" ಎನ್ನುತ್ತಿದ್ದರು.

ಊರಿನಲ್ಲಿ ಸುದ್ದಿಯಾಯಿತು. ಸೋಷಿಯಲ್ ಸಾರು ಶೆಡ್ಡಿಗೇ ಬಂದು ಪಾಠ ಹೇಳುತ್ತಾರಂತೆ. ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ. ಅಯ್ಯೋ ಶಿವನೇ, ನಮಗೆ ಯಾರಿಗೂ ಹೊಳೆಯಲಿಲ್ಲ.

ದಸರೆ ರಜೆ ಮುಗಿದು ಶಾಲೆ ತೆರೆದ ದಿನ ಕನ್ನಡ ಸೆಕ್ಷನ್ನಿನ ಹತ್ತನೇ ತರಗತಿಯ ಬೆಂಚುಗಳು ಖಾಲಿ. ಹಬ್ಬದ ಗುಂಗು ಎಂದುಕೊಂಡೆವು. ಮರುದಿನವೂ ಖಾಲಿ. ಮಧ್ಯಾಹ್ನ ಸಾರು ಶೆಡ್ಡಿಗೆ ಹೋದರೆ ಎಲ್ಲರೂ ಅಲ್ಲೇ ಇದ್ದಾರೆ! ಶಾಲೆ ಬಿಡದಿದ್ದವರೂ ಬಂದು ಸಾಲಾಗಿ ಗುಡ್ಡೆಯ ಮೇಲೆ ಕೂತು ಸಾರಿಗಾಗಿ ಕಾಯುತ್ತಿದ್ದಾರೆ. ಮಧ್ಯದಲ್ಲಿ ಹುಲಿಗೆಮ್ಮ, ಕೈಯಲ್ಲಿ ಕತ್ತರಿ.

ಆ ಸಂಜೆ ನಾವಿಬ್ಬರೂ ಅವಳ ಮನೆಗೆ ಓಡಿದೆವು. ತಾಯಿ ನಗುನಗುತ್ತಾ ಹೊರಗೆ ಬಂದಳು. "ಮಾತಿಗೆ ತಪ್ಪಿಲ್ರಿ ಸಾರ್. ಓದು ಬಿಡಿಸಿಲ್ಲ. ಸಾಲಿ ಈಗ ಸೆಡ್ಡಿನಾಗ ನಡೀತೈತಲ್ರಿ, ಅದಕ್ಕ ಅಲ್ಲಿಗೆ ಕಳಿಸೀನಿ. ಓದೂ ಆತು, ಕೆಲಸಾನೂ ಆತು. ನಿಮ್ಮ ಪುಣ್ಯ ದೊಡ್ಡದ್ರಿ."

ಅದು ಶಾಲೆಯಲ್ಲ ತಾಯಿ, ಅಲ್ಲಿ ಹಾಜರಿಯಿಲ್ಲ, ಲೆಕ್ಕ ವಿಜ್ಞಾನ ಹೇಳುವವರಿಲ್ಲ, ಬರೀ ಕತೆ ಎಂದು ಸಾರು ಗೋಗರೆದರು. ಆಕೆ ನಂಬಲಿಲ್ಲ. ಸಾರು ಎಲ್ಲಿ ಕೂತರೆ ಅದೇ ಶಾಲೆ ಎಂದು ಊರಿಗೆ ಊರೇ ನಂಬಿತ್ತು. ಆ ನಂಬಿಕೆಯನ್ನು ಕಟ್ಟಿದವರೂ ಅವರೇ ಅಲ್ಲವೇ?

ಮರುದಿನದಿಂದ ಶೆಡ್ಡಿಗೆ ಹೋಗುವುದನ್ನು ನಿಲ್ಲಿಸಿದರು. ಪಾಠ ಬೇಕೆಂದರೆ ಶಾಲೆಗೆ ಬನ್ನಿ ಎಂದು ಹೇಳಿ ಕಳಿಸಿದರು. ಪಾಠ ನಿಂತಿತು, ಕೆಲಸ ನಿಲ್ಲಲಿಲ್ಲ. ದೀಪಾವಳಿಗೆ ಮಾಲು ಏರಿತ್ತು, ಮಕ್ಕಳ ಕೈಗೆ ವಾರವಾರ ಸಂಬಳ ಬರುತ್ತಿತ್ತು, ಯಾವ ಮನೆಯವರೂ ಬಿಡಿಸಲಿಲ್ಲ. ಪಾಠದ ಹೊತ್ತಿಗೆ ಮಕ್ಕಳು ಕೆಲವು ದಿನ ದಾರಿ ನೋಡಿದರಂತೆ, ಆಮೇಲೆ ಅದೂ ಇಲ್ಲ. ಮೇಲಿನವರು ಬಂದದ್ದು ಅದೇ ತಿಂಗಳು. ಸಾರು ಖಾಲಿ ಕೋಣೆಯ ಹಿಂದಿನ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು. ಬಂದವರು ಬಾಗಿಲಿನಿಂದಲೇ ನೋಡಿ, "ಪಿಲ್ಲಲು ಏರಿ?" ಎಂದು ಕೇಳಿದರು. ಮಕ್ಕಳೆಲ್ಲಿ ಎಂದು. ಹೆಡ್ಮೇಷ್ಟ್ರು ಏನೋ ಸಮಜಾಯಿಷಿ ಕೊಟ್ಟರು. ಮುಂದಿನ ಜೂನಿನಲ್ಲಿ ಸೆಕ್ಷನ್ನು ಇರಲಿಲ್ಲ. ನನ್ನನ್ನು ಮಡಕಶಿರಾದ ಕಡೆಗೆ ಹಾಕಿದರು, ಅವರನ್ನು ದೂರದ ತೆಲುಗು ಮೀಡಿಯಂ ಶಾಲೆಯೊಂದಕ್ಕೆ ತಳ್ಳಿದರು. ಅಲ್ಲಿ ಅವರು ಪುಸ್ತಕದಲ್ಲಿದ್ದದ್ದನ್ನು ಮಾತ್ರ ಓದಿ ಹೇಳುತ್ತಿದ್ದರಂತೆ, ನಿಂತುಕೊಂಡು.

ಅವರು ರಿಟೈರಾದ ಮೇಲೆ ಒಮ್ಮೆ ನೋಡಲು ಹೋಗಿದ್ದೆ. ಅಂಗಿಯ ಜೇಬು ಬರಿದಾಗಿ ಸಪ್ಪಗೆ ಇಳಿಬಿದ್ದಿತ್ತು. ನಾನು ಏನೇನೋ ಹಳೆಯ ತಮಾಷೆ ಎತ್ತಿದೆ, ಅವರಿಗೆ ನಗು ಬರಲಿಲ್ಲ. ಕೊನೆಗೆ ನೇರವಾಗಿ ಕೇಳಿದರು: "ಖರೇ ಹೇಳ್ರಿ ಟೀಚರಮ್ಮ. ನಾನು ಸೆಡ್ಡಿಗೆ ಹೋಗದಿದ್ರ ಹುಲಿಗೆಮ್ಮ ಪರೀಕ್ಷಿ ಬರೀತಿದ್ಲೇನು?"

"ಎಲ್ಲಿ ಬರೀತಿದ್ಲು ಸಾರ್! ಇವತ್ತಲ್ಲ ನಾಳೆ ಬಿಡ್ತಾನೇ ಇದ್ಲು. ನಿಮ್ದೇನೈತೆ ಅದ್ರಾಗೆ?" ಎಂದೆ. ಜೋರಾಗಿಯೇ ಎಂದೆ. ಅವರು ನನ್ನ ಮುಖ ನೋಡಿ, ಚಹಾ ತರಲು ಒಳಗೆ ಹೋದರು.

ಮಣ್ಣಿಗೆ ನಾನು ಅವರ ಹಳ್ಳಿ ತಲುಪುವಷ್ಟರಲ್ಲಿ ಬಿಸಿಲು ಏರಿತ್ತು. ಅವರಿಂದ ಪಾಠ ಕೇಳಿದವರು ಊರೂರಲ್ಲಿದ್ದಾರೆ, ಆದರೆ ಕೆಲಸದ ದಿನ ಯಾರಿಗೆ ಬಿಡುವು? ಬಂದದ್ದು ಹುಲಿಗೆಮ್ಮ ಒಬ್ಬಳೇ. ಬೇವಿನ ನೆರಳಲ್ಲಿ ಒಬ್ಬಳೇ ನಿಂತಿದ್ದಳು. ತಲೆಗೂದಲು ಆಗಲೇ ಅಲ್ಲಲ್ಲಿ ನರೆತಿದೆ. ಅಳುತ್ತಿರಲಿಲ್ಲ. ನಾನೇ ಅವಳ ಕೈ ಹಿಡಿದುಕೊಂಡು ಸಾರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಹೇಳಿದೆ.

"ನನ್ನೂ ಕೇಳಿದ್ರು ಟೀಚರಮ್ಮ. ನಾನೂ ಹಂಗ ಅಂದೆ, ಹೆಂಗಿದ್ರೂ ಬಿಡ್ತಿದ್ದೆ ಸಾರ್ ಅಂದೆ."

"ಬಿಡ್ತಿದ್ದೇನೇ?"

"ಇಲ್ರಿ. ಪರೀಕ್ಷಿ ಬರೀತಿದ್ದೆ. ಅವ್ವ ಗಟ್ಟಿ ಇದ್ಲು, ಬರೆಸೇ ಬರೆಸ್ತಿದ್ಲು." ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. "ಸಾರು ನಮ್ಮ ಮಾತು ನಂಬಲಿಲ್ಲ ಬಿಡ್ರಿ. ನಂಬಿದ್ರ ವರ್ಸಾ ವರ್ಸಾ ಪರೀಕ್ಷಿ ಹತ್ರ ಬಂದಾಗೆಲ್ಲ ಫೋನ್ ಮಾಡ್ತಿದ್ರೇನು? ಬಾರವ್ವ, ಮನಿಗೆ ಬಾ, ನಾನು ಹೇಳಿಕೊಡ್ತೀನಿ, ಹೊರಗಿಂದ ಫೀಸು ಕಟ್ಟಿ ಬರಿ ಅಂತ. ಈ ವರ್ಸಾನೂ ಮಾಡಿದ್ರು. ನಮ್ಮಲ್ಲಿ ಊಟದ ಬಿಡುವು ಬಿಟ್ರ ಕೆಲಸದಾಗ ಫೋನ್ ಮುಟ್ಟಂಗಿಲ್ಲ. ಸಂಜಿಗೆ ನೋಡಿದೆ. ಏನಂತ ಹೇಳೋದು ಅಂತ ತಿರುಗಿ ಮಾಡ್ಲಿಲ್ಲ."

ಅಷ್ಟರಲ್ಲಿ ಕುಣಿಗೆ ಇಳಿಸಲು ಕರೆದರು. ಇಬ್ಬರೂ ಹೋಗಿ ಒಂದೊಂದು ಹಿಡಿ ಮಣ್ಣು ಹಾಕಿದೆವು. ಅರ್ಧ ದಿನದ ರಜೆ ಅವಳದು. ಕೈ ತೊಳೆದುಕೊಂಡು, ಬಳ್ಳಾರಿ ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದಳು.